ಖಾಲಿ ಕುರ್ಚಿಯ ಮೇಲೆ ತಿರುಗುವ ಫ್ಯಾನು: ನಾಲ್ಕು ತಾಲೂಕುಗಳ ತತ್ತ್ವಮೀಮಾಂಸೆ

ನ್ಯಾಯಶಾಸ್ತ್ರದ ಪಂಡಿತರು ಶತಮಾನಗಟ್ಟಲೆ ಬೆಟ್ಟದ ಮೇಲಿನ ಹೊಗೆ ತೋರಿಸಿಯೇ ಅನುಮಾನಪ್ರಮಾಣ ಕಲಿಸಿದರು. ಹೊಗೆ ಕಂಡಿತೇ, ಬೆಂಕಿ ಇದೆ. ಕಚೇರಿಗಳಿಗೆ ಅಲೆದ ಕನ್ನಡಿಗ ಈ ಸೂತ್ರವನ್ನು ಪರಿಷ್ಕರಿಸಿಕೊಂಡಿದ್ದಾನೆ: ಫ್ಯಾನು ತಿರುಗುತ್ತಿದೆಯೇ, ಸಾಹೇಬರು ಇದ್ದಾರೆ.

ಇದಕ್ಕೆ ಆಪ್ತವಾಕ್ಯದ ಬೆಂಬಲವೂ ಉಂಟು. ಯಾವ ಊರಿನ ಯಾವ ಕಚೇರಿ ಎಂದು ಕೇಳಬೇಡಿ, ಒಂದು ಉತಾರಕ್ಕಾಗಿ ಮೂರು ದಿನ ಬೆಂಚು ಕಾದ ನನಗೆ ಅಲ್ಲಿನ ಸಿಪಾಯಿ ಹೇಳಿದ್ದು: “ಸಾಹೇಬ್ರು ಇಲ್ಲೇ ಅದಾರ್ರೀ, ಚಾಕ್ಕ ಹೋಗ್ಯಾರ. ಫ್ಯಾನ್ ತಿರಗಾಕತ್ತಿದ್ದು ಕಾಣಂಗಿಲ್ಲೇನು?” ಕಾಣುತ್ತಿತ್ತು. ಕುರ್ಚಿಯ ಬೆನ್ನಿಗೆ ಕೋಟು, ಫೈಲಿನ ಮೇಲೆ ಕನ್ನಡಕ, ಹಾಳೆ ಹಾರದಂತೆ ಒಂದು ಪೇಪರ್‌ವೇಟು. ಮನುಷ್ಯನೊಬ್ಬನನ್ನು ಬಿಟ್ಟು ಮನುಷ್ಯನಿರುವ ಸಕಲ ಲಕ್ಷಣಗಳೂ ಅಲ್ಲಿದ್ದವು.

ಈಗ ಪೂರ್ವಪಕ್ಷ. ವಿದ್ಯುತ್ ಉಳಿತಾಯದ ಪಂಡಿತರು ಹೇಳುವುದೇನೆಂದರೆ, ಇಡೀ ಹಾಲಿಗೆ ಒಂದೇ ಸ್ವಿಚ್ ಇರುವುದೇ ತಪ್ಪು. ಕುರ್ಚಿಗೊಂದು ದೀಪ, ಕುರ್ಚಿಗೊಂದು ಗಾಳಿ ಇರಲಿ. ಸೆನ್ಸರ್ ಹಾಕಿ, ಮನುಷ್ಯ ಬಂದರೆ ತಾನಾಗಿ ಹೊತ್ತಲಿ, ಎದ್ದು ಹೋದರೆ ತಾನಾಗಿ ಆರಲಿ. ಅವರ ಲೆಕ್ಕ ಹೀಗೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಒಂದೂವರೆಯಿಂದ ಎರಡೂಕಾಲರ ಊಟದ ವಿರಾಮದಲ್ಲಿ ಐವತ್ತು ಹಳೆಯ ಫ್ಯಾನು ಖಾಲಿ ಕುರ್ಚಿಗಳಿಗೆ ಗಾಳಿ ಹಾಕಿದರೆ, ಅಷ್ಟೇ ಹೊತ್ತು ಒಂದು 5 ಎಚ್‌ಪಿ ಪಂಪ್‌ಸೆಟ್ ನಡೆಯುವಷ್ಟು ಕರೆಂಟು ಖರ್ಚು. ಅಂದರೆ ರೈತ ತ್ರೀಫೇಸ್ ಬರುವ ದಾರಿ ಕಾಯುತ್ತ ಗದ್ದೆಯ ಬದುವಿನ ಮೇಲೆ ಕುಳಿತಿರುವಾಗ, ಕೋಟು ತಂಪಾಗುತ್ತಿರುತ್ತದೆ.

ಲೆಕ್ಕ ಸರಿಯೇ ಇದೆ, ತತ್ತ್ವದಲ್ಲಿ ದೋಷವಿದೆ. ಮನುಷ್ಯ ಎದ್ದ ಕೂಡಲೇ ಫ್ಯಾನು ನಿಂತರೆ ಮೇಲಿನ ಅನುಮಾನಪ್ರಮಾಣ ಅಲ್ಲಿಗೇ ಬಿದ್ದುಹೋಗುತ್ತದೆ. ಬಯೋಮೆಟ್ರಿಕ್ ಯಂತ್ರಕ್ಕೆ ಬೇಕಾದದ್ದು ಹೆಬ್ಬೆರಳು ಮಾತ್ರ, ಅದೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವಿನ ಅಷ್ಟೂ ತಾಸುಗಳ ಹಾಜರಿಯನ್ನು ಹೊತ್ತು ತಿರುಗುತ್ತಿರುವುದು ಫ್ಯಾನೇ.

ಇನ್ನು ಶಾಸ್ತ್ರಾಧಾರಗಳು. ಇವಕ್ಕಾಗಿ ದೂರ ಹೋಗಬೇಕಿಲ್ಲ, ಶಿಗ್ಗಾಂವಿ ತಾಲೂಕಿನ ಬಾಡಕ್ಕೆ ಹೋದರೆ ಸಾಕು. ಅಲ್ಲಿ ಹುಟ್ಟಿದ ಕನಕದಾಸರ ಬಾಳೆಹಣ್ಣಿನ ಕಥೆ ಕೂಸುಗಳಿಗೂ ಗೊತ್ತು. ಯಾರೂ ಕಾಣದಲ್ಲಿ ತಿಂದು ಬನ್ನಿ ಎಂದು ಗುರು ಹಣ್ಣು ಕೊಟ್ಟರು. ಉಳಿದ ಶಿಷ್ಯರು ಬಾಗಿಲ ಮರೆ, ಕಂಬದ ಮರೆ ಹುಡುಕಿ ತಿಂದು ಬಂದರು. ಕನಕರು ಹಣ್ಣನ್ನು ಹಾಗೆಯೇ ತಂದೊಪ್ಪಿಸಿದರು: ದೇವರಿಲ್ಲದ ಜಾಗವೇ ಸಿಗಲಿಲ್ಲ. ಸೆನ್ಸರ್‌ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕನಕರ ಪ್ರಕಾರ ಜಗತ್ತಿನಲ್ಲಿ ಖಾಲಿ ಕೋಣೆ ಎಂಬುದೇ ಇಲ್ಲ. ಅವರ ಸಿದ್ಧಾಂತದ ಮೇಲೆ ಸೆನ್ಸರ್ ತಯಾರಿಸಿದರೆ ದೀಪ ಎಂದೂ ಆರದು. ರಾತ್ರಿ ಒಂಬತ್ತಕ್ಕೆ ಬೀಗ ಹಾಕಿದ ಕಚೇರಿಯೊಳಗೆ ಮೂರು ಟ್ಯೂಬ್‌ಲೈಟು ಉರಿಯುವುದನ್ನು ಕಂಡವರು ಅಲಕ್ಷ್ಯ ಎನ್ನುತ್ತಾರೆ. ಅದು ಭಕ್ತಿ. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು ಎಂದು ಬೆಳೆದವರು ನಾವು. ಅನ್ನುವುದಕ್ಕೇ ಇಷ್ಟು ಸಂಕೋಚವಿದ್ದಾಗ ಮಾಡುವುದು ದೂರದ ಮಾತು.

ಹಾನಗಲ್ಲಿನ ಪ್ರಮಾಣ ಇನ್ನೂ ಸೂಕ್ಷ್ಮ. ಸ್ಥಳೀಯ ಐತಿಹ್ಯದಲ್ಲಿ ಅದೇ ವಿರಾಟನಗರ, ಪಾಂಡವರ ಅಜ್ಞಾತವಾಸದ ನೆಲೆ. ಹಾಜರಿದ್ದೂ ಕಾಣಿಸದೆ ವರ್ಷ ಪೂರೈಸಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪೂರ್ವನಿದರ್ಶನ ಯಾವ ನೌಕರನಿಗೆ ಬೇಕು? ಇಲ್ಲಿ ಒಂದು ತಾಂತ್ರಿಕ ಅಂಶ. ಕಚೇರಿಗಳಲ್ಲಿ ಸಾಮಾನ್ಯವಾಗಿ ಹಾಕುವ ಪಿಐಆರ್ ಸೆನ್ಸರ್ ಮನುಷ್ಯನನ್ನು ನೋಡುವುದಿಲ್ಲ. ತನ್ನ ಮುಂದೆ ಬಿಸಿಯೊಂದು ಸರಿದಾಡಿದಾಗ ಅವಗೆಂಪು ಕಿರಣಗಳಲ್ಲಾಗುವ ಬದಲಾವಣೆಯನ್ನಷ್ಟೇ ಗ್ರಹಿಸುತ್ತದೆ. ದುರ್ಯೋಧನನ ಬಳಿ ಇದಿದ್ದರೆ ಅಡುಗೆಮನೆಯ ವಲಲ, ಕುಣಿಸುವ ಬೃಹನ್ನಳೆ ಕ್ಷಣದಲ್ಲಿ ಸಿಕ್ಕಿಬೀಳುತ್ತಿದ್ದರು. ಪಗಡೆ ಹಾಸಿನ ಮುಂದೆ ಅಲುಗದೆ ಯೋಚಿಸುತ್ತ ಕುಳಿತ ಕಂಕಭಟ್ಟ ಮಾತ್ರ ಪಾರು. ಅಲುಗದವನು ಈ ಯಂತ್ರದ ಲೆಕ್ಕದಲ್ಲಿ ಇಲ್ಲದವನು. ಸರ್ವಜ್ಞನ ಊರೆಂದು ಹೆಮ್ಮೆಪಡುವ ಹಿರೇಕೆರೂರು ಸೀಮೆಯವರು ಆ ಹೆಸರನ್ನು ಸೆನ್ಸರಿಗೆ ಕೊಡಲು ಒಪ್ಪಲಿಕ್ಕಿಲ್ಲ.

ಸವಣೂರಿನ ದೊಡ್ಡ ಹುಣಸೆ ಮರಗಳ ಬಗ್ಗೆ ಒಂದು ಮಾತು ಸಾಕು. ಆಫ್ರಿಕಾ ಮೂಲದ ಈ ಬಾವೊಬಾಬ್ ಒಣಗಾಲದಲ್ಲಿ ಎಲೆಯುದುರಿಸಿ ನೀರು ಉಳಿಸಿಕೊಳ್ಳುತ್ತದೆ. ಉಳಿತಾಯವೇನೋ ಪರಿಪೂರ್ಣ, ಬಿಸಿಲಿಗೆ ಬಂದವನಿಗೆ ನೆರಳಿಲ್ಲ ಅಷ್ಟೇ.

ಎ.ಸಿ.ಯ ವಿಚಾರದಲ್ಲಿ ಸಮಸ್ಯೆ ಸರಳ, ಏಕೆಂದರೆ ಅದಿರುವುದು ಸಾಹೇಬರ ಚೇಂಬರಿನಲ್ಲಿ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎ.ಸಿ.ಗಳು ಹುಟ್ಟುತ್ತಲೇ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮವೂ ಬಂತು. ರಿಮೋಟಿಗೆ ಈ ನಿಯಮ ಗೊತ್ತು. ಹೆಬ್ಬೆರಳಿಗೆ ಗೊತ್ತಿಲ್ಲ, ಅದು 18ಕ್ಕೆ ಹೋಗಿ ನಿಲ್ಲುತ್ತದೆ, ಆಮೇಲೆ ಸಾಹೇಬರು ಕೋಟು ಹಾಕಿಕೊಳ್ಳುತ್ತಾರೆ. ಕೋಟು ಕುರ್ಚಿಯಿಂದ ಮೈಮೇಲೆ ಬರುವ ಏಕೈಕ ಸಂದರ್ಭ ಇದು. ಹೊರಗೆ ಬೆಂಚಿನ ಮೇಲೆ ಕುಳಿತವರ ಹೆಗಲಲ್ಲಿ ಮಾತ್ರ ಆಗಲೇ ತಲೆಗೊಂದರಂತೆ ವೈಯಕ್ತಿಕ ಹವಾನಿಯಂತ್ರಣ ಇತ್ತು: ಟವೆಲ್ಲು. ಬೇಕಾದಾಗ ಬೀಸು, ಸಾಕಾದಾಗ ನಿಲ್ಲಿಸು, ಮೀಟರ್ ಇಲ್ಲ. ಮೀಟರ್ ಇಲ್ಲದ ಗಾಳಿಗೆ ದೊಡ್ಡ ಮಾದರಿಯೂ ಉಂಟು: ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ಇಂಧನ ಸಂಶೋಧನೆಯ ‘ಟೆರಿ’ ಸಂಸ್ಥೆಗೆ ಕಟ್ಟಿಕೊಟ್ಟ ಕಟ್ಟಡದಲ್ಲಿ ಬಿಸಿಲಿಗೆ ಕಾದ ದಕ್ಷಿಣದ ಗೋಡೆ ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆಳೆದು, ಉತ್ತರದಿಂದ ತಂಪುಗಾಳಿ ಒಳಬರುವಂತೆ ಮಾಡುತ್ತದೆ. ಬಿಸಿಲಿಗೇ ಗಾಳಿ ಬೀಸುವ ಚಾಕರಿ ಹಚ್ಚಿದ ಜಾಣತನ ಇದು. ಅದಕ್ಕೂ ಮೊದಲು, ಬ್ರಿಟಿಷರ ಕಚೇರಿಗಳಲ್ಲಿ ಆ ಚಾಕರಿಗೆ ಮನುಷ್ಯನೇ ಇದ್ದ: ಹಗ್ಗದ ಒಂದು ತುದಿ ಸಾಹೇಬನ ತಲೆಯ ಮೇಲಿನ ಪಂಖಕ್ಕೆ, ಇನ್ನೊಂದು ತುದಿ ವರಾಂಡದಲ್ಲಿ ಕುಳಿತ ಬಡಪಾಯಿಯ ಕೈಗೆ.

ಕೊನೆಯದಾಗಿ ಪ್ರಯೋಗ. ಮೇಲೆ ಹೇಳಿದ ಹೆಸರಿಲ್ಲದ ಕಚೇರಿಗೆ ಸೆನ್ಸರ್ ಬಂತು. ಕುರ್ಚಿಗೊಂದು ದೀಪ, ಕುರ್ಚಿಗೊಂದು ಫ್ಯಾನು, ಚೇಂಬರಿಗೂ ಒಂದು ಕಣ್ಣು. ಮೊದಲ ವಾರ ಮೀಟರ್ ನಿಂತೇಹೋದಂತಿತ್ತು. ಎರಡನೆಯ ವಾರ ಎಲ್ಲರೂ ಕುರ್ಚಿಗೆ ಬಂದರು, ತೊಂದರೆ ಶುರುವಾಯಿತು. ನನ್ನ ಫೈಲು ಓದುತ್ತಿದ್ದ ಗುಮಾಸ್ತರು ಎಷ್ಟು ತನ್ಮಯರಾಗಿದ್ದರೆಂದರೆ ಹತ್ತು ನಿಮಿಷಕ್ಕೆ ದೀಪ ಆರಿತು. ಕೈಯೆತ್ತಿದರು, ಹೊತ್ತಿತು. ಮತ್ತೆ ಆರಿತು. ಮೂರನೆಯ ಸಲ ಅವರು ಕೈ ಎತ್ತಲಿಲ್ಲ, ಬೆಂಚಿನ ಕಡೆ ನೋಡಿದರು. ಒಬ್ಬ ಮುದುಕ ಎದ್ದು ಸೆನ್ಸರಿನ ಮುಂದೆ ಟವೆಲ್ ಬೀಸಿದ. ದೀಪ ಬಂತು, ಫ್ಯಾನೂ ಬಂತು. ಕೆಲಸ ಮುಂದೆ ಸಾಗಿತು. ನಾಲ್ಕು ದಿನದಲ್ಲಿ ಅರ್ಜಿದಾರರಲ್ಲೇ ಪಾಳಿ ಹಚ್ಚಿಕೊಂಡರು, ತಲೆಗೆ ಅರ್ಧ ತಾಸು. ನನ್ನ ಪಾಳಿ ಮುಗಿಸಿ ತೋಳು ನೀವಿಕೊಳ್ಳುತ್ತ ಕುಳಿತಾಗ ಚೇಂಬರಿನ ಒಳಗಿಂದ ಸಾಹೇಬರ ದನಿ ಕೇಳಿಸಿತು:

“ಒಂಚೂರು ಜೋರಾಗಿ ಬೀಸ್ರೀ ಅಜ್ಜಾರ, ಎ.ಸಿ. ಇನ್ನೂ ಚಾಲೂ ಆಗಿಲ್ಲ.”