ಶ್ರೀ ಓ.ಎಂ.ಆರ್. ಹಾಳೆಯವರೊಡನೆ ಒಂದು ಸಂವಾದ

ಪ್ರತಿ ವರ್ಷವೂ ಏಪ್ರಿಲ್ ಮಾಸದ ಬಿಸಿಲು ಏರುತ್ತಿರುವಂತೆಯೇ, ದ್ವಿತೀಯ ಪಿ.ಯು.ಸಿ. ಮುಗಿಸಿದ ನಮ್ಮ ನಾಡಿನ ಮಕ್ಕಳೂ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳೂ ಯಾರನ್ನು ನೆನೆದು ನಿದ್ದೆಗೆಡುವರೋ, ಯಾರ ಮುಂದೆ ಹನ್ನೆರಡು ವರ್ಷಗಳ ವಿದ್ಯಾಭ್ಯಾಸವೆಲ್ಲ ಪುಟ್ಟ ಪುಟ್ಟ ವೃತ್ತಗಳಾಗಿ ಕುಗ್ಗಿ ಕುಳಿತುಕೊಳ್ಳುವುದೋ, ಆ ಓ.ಎಂ.ಆರ್. ಹಾಳೆಯವರು ಸಂದರ್ಶನಕ್ಕೆ ಒಪ್ಪಿದುದು ಪತ್ರಿಕೋದ್ಯಮದ ಪುಣ್ಯವೆಂದೇ ಹೇಳಬೇಕು. ಅವರು ವಿಧಿಸಿದ ಷರತ್ತು ಎರಡೇ: ತಮ್ಮನ್ನು ಮಡಿಸಕೂಡದು, ಅಂಚಿನಲ್ಲಿ ಸಾಲಾಗಿ ನಿಂತಿರುವ ಕಪ್ಪು ಗುರುತುಗಳ ಮೇಲೆ ಬೆವರುಗೈ ಇಡಕೂಡದು. ಯಂತ್ರವು ಸಾಲು ಹಿಡಿಯುವುದು ಆ ಗುರುತುಗಳ ಆಧಾರದಿಂದಲೇ ಆದುದರಿಂದ, ಅವು ಕೆಟ್ಟರೆ ತಮ್ಮ ಜನ್ಮವೇ ವ್ಯರ್ಥವೆಂದರು.

ಯೋಗಕ್ಷೇಮದ ಮಾತು ಮುಗಿದ ಮೇಲೆ, ನಮ್ಮ ಪದ್ಧತಿಯಂತೆ, ಕುಲಗೋತ್ರವನ್ನು ವಿಚಾರಿಸಿದೆ.

“ನಮ್ಮದು ಅಮೆರಿಕದ ಮನೆತನ. ಅಲ್ಲಿಯ ಮಿಷಿಗನ್ ಪ್ರಾಂತದಲ್ಲಿ ರೆನಾಲ್ಡ್ ಜಾನ್ಸನ್ ಎಂಬ ಹೈಸ್ಕೂಲು ಉಪಾಧ್ಯಾಯರಿದ್ದರು. ಬಾಲ್ಯದಲ್ಲಿ ಈ ಮಹಾನುಭಾವರು, ತಮ್ಮ ಸಹೋದರಿಯರನ್ನು ಕಾಣಲು ಬರುತ್ತಿದ್ದ ತರುಣರ ಕಾರುಗಳ ಸ್ಪಾರ್ಕ್ ಪ್ಲಗ್ಗಿನ ಮೇಲೆ ಪೆನ್ಸಿಲಿನಿಂದ ಗೀಚಿ, ಕಾರು ಹೊರಡದಂತೆ ಮಾಡುತ್ತಿದ್ದರೆಂದು ಹೇಳುವುದುಂಟು. ಪೆನ್ಸಿಲಿನ ಗೀರಿನಲ್ಲಿ ವಿದ್ಯುತ್ತು ಹರಿಯುವುದೆಂಬ ಆ ತತ್ತ್ವವನ್ನೇ ಹಿಡಿದು ಮುಂದೆ ಅವರು ಉತ್ತರ ಎಣಿಸುವ ಯಂತ್ರವನ್ನು ಕಲ್ಪಿಸಿದರು, ಐ.ಬಿ.ಎಂ. ಕಂಪನಿಯು ಅದನ್ನು 1938ರಲ್ಲಿ ಮಾರುಕಟ್ಟೆಗೆ ತಂದಿತು. ಈಗ ವಿದ್ಯುತ್ತಿನ ಬದಲು ಬೆಳಕು ಬಂದಿದೆ, ಪೆನ್ಸಿಲಿನ ಬದಲು ಬಾಲ್ ಪೆನ್ನು ಬಂದಿದೆ. ಆದರೆ ತರುಣರ ಗಾಡಿಯನ್ನು ಹೊರಡದಂತೆ ತಡೆಯುವ ಕುಲವೃತ್ತಿಯನ್ನು ಮಾತ್ರ ನಾವು ಬಿಟ್ಟಿಲ್ಲ.”

“ಇಷ್ಟೊಂದು ಮಕ್ಕಳ ಪಾಂಡಿತ್ಯವನ್ನು ಅಳೆಯುವ ತಮ್ಮ ವಿದ್ವತ್ತು ಎಷ್ಟಿರಬಹುದು?”

“ನನಗೆ ಓದು ಬಾರದು,” ಎಂದರು ಹಾಳೆಯವರು, ಸ್ವಲ್ಪವೂ ಸಂಕೋಚವಿಲ್ಲದೆ. “ಬೆಳಕು ಬಿದ್ದಾಗ ಕಪ್ಪಿರುವ ಕಡೆ ಪ್ರತಿಫಲನ ಕಡಮೆ, ಬಿಳಿಯಿರುವ ಕಡೆ ಹೆಚ್ಚು, ನನ್ನ ಶಾಸ್ತ್ರವೆಲ್ಲ ಇಷ್ಟೇ. ನ್ಯೂಟನ್ನನ ನಿಯಮವನ್ನು ಅರಗಿಸಿಕೊಂಡವನ ಮಸಿಯೂ, ಆ ಹೆಸರನ್ನೇ ಕೇಳದವನ ಮಸಿಯೂ ನನ್ನ ಕಣ್ಣಿಗೆ ಸಮಾನ. ಇಂಥ ಸಮದೃಷ್ಟಿಯನ್ನು ಋಷಿಗಳು ತಪಸ್ಸಿನಿಂದ ಪಡೆಯುತ್ತಿದ್ದರಂತೆ. ನನಗದು ಅಜ್ಞಾನದಿಂದಲೇ ಲಭಿಸಿದೆ.”

ಹಾಗಾದರೆ ಉತ್ತರ ತಿಳಿಯದ ಪ್ರಶ್ನೆಗೆ ವಿದ್ಯಾರ್ಥಿಯು ಏನು ಮಾಡಬೇಕೆಂದು ಕೇಳಿದೆ. ಈ ವಿಷಯಕ್ಕೆ ಬಂದಕೂಡಲೆ ಅವರ ವೃತ್ತಗಳೆಲ್ಲ ಅರಳಿದವು.

“ಮರದ ಹುಳು ಕೊರೆಯುತ್ತ ಹೋದಲ್ಲಿ ಅಕಸ್ಮಾತ್ತಾಗಿ ಅಕ್ಷರವೊಂದು ಮೂಡುವುದನ್ನು ಹಿರಿಯರು ಘುಣಾಕ್ಷರ ನ್ಯಾಯವೆಂದರು, ಈಗ ಅದಕ್ಕೆ ಕೋಚಿಂಗ್ ಸೆಂಟರಿನಲ್ಲಿ ಪ್ರತ್ಯೇಕ ತರಗತಿಯೇ ಇದೆ. ನಮ್ಮ ಸಿ.ಇ.ಟಿ.ಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, 60 ಅಂಕ; ತಪ್ಪಿಗೆ ದಂಡವಿಲ್ಲ. ಪ್ರಶ್ನೆಪತ್ರಿಕೆಯನ್ನು ತೆರೆಯದೆಯೇ ಮನಸ್ಸಿಗೆ ಬಂದ ವೃತ್ತಗಳನ್ನು ತುಂಬಿದವನಿಗೂ ಸರಾಸರಿ 15 ಅಂಕ ಸಂದೇ ಸಲ್ಲುತ್ತದೆ. ಆದ್ದರಿಂದ ಒಂದು ವೃತ್ತವನ್ನಾದರೂ ಖಾಲಿ ಬಿಟ್ಟು ಬರುವುದು ಶುದ್ಧ ಅಹಂಕಾರ.”

“ನೀಟ್ ಪರೀಕ್ಷೆಯಲ್ಲಿ ದಂಡವಿದೆಯಲ್ಲ?”

“ಇದೆ, ಸರಿಗೆ 4, ತಪ್ಪಿಗೆ 1 ಕಳೆತ. ಲೆಕ್ಕ ಮಾಡಿ ನೋಡಿ. ಕಣ್ಣು ಮುಚ್ಚಿಕೊಂಡು ನಾಲ್ಕು ಪ್ರಶ್ನೆಗೆ ತುಂಬಿದರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು: ಬಂದದ್ದು 4, ಹೋದದ್ದು 3. ದಂಡ ತೆತ್ತ ಮೇಲೂ ಅಜ್ಞಾನಕ್ಕೆ 1 ಅಂಕದ ಲಾಭಾಂಶ! ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದಿದ್ದರಂತೂ ಲಾಭ ಇನ್ನೂ ಹೆಚ್ಚು. ಅಂದರೆ ಯಾವುದು ಸರಿಯೆಂದು ಅರಿಯುವುದಕ್ಕಿಂತ ಯಾವುದು ಅಲ್ಲವೆಂದು ಅರಿಯುವುದು ಅಗ್ಗದ ವ್ಯಾಪಾರ. ನಿಮ್ಮ ವೇದಾಂತಿಗಳೂ ನೇತಿ ನೇತಿ ಎಂದೇ ಹೊರಟವರಲ್ಲವೆ?”

ಮಾತು ಕಾಲಪ್ರಮಾಣದ ಕಡೆಗೆ ತಿರುಗಿತು. ಸಿ.ಇ.ಟಿ.ಯಲ್ಲಿ ವಿಷಯವೊಂದಕ್ಕಿರುವ ಒಟ್ಟು 80 ನಿಮಿಷಗಳಲ್ಲಿ ಉತ್ತರಿಸುವುದಕ್ಕೆ ಸಲ್ಲುವುದು 70. ಪ್ರಶ್ನೆಯೊಂದಕ್ಕೆ 70 ಸೆಕೆಂಡು. ಇದರಲ್ಲಿ ಓದಿ, ಯೋಚಿಸಿ, ಪಕ್ಕದಲ್ಲಿ ಗೀಚಿ ಲೆಕ್ಕ ಮಾಡಿ, ಪೆನ್ನಿನಿಂದ ವೃತ್ತವನ್ನು ಅಂಚು ಮೀರದಂತೆ ತುಂಬತಕ್ಕದ್ದು. ಯೋಚನೆಯೊಂದನ್ನು ಕೈಬಿಟ್ಟರೆ ಉಳಿದುದಕ್ಕೆಲ್ಲ ಕಾಲವು ಧಾರಾಳವಾಗಿ ಸಾಲುತ್ತದೆಂದು ಹಾಳೆಯವರ ಅನುಭವ.

“ಕಷ್ಟದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗೆಂದು ಉಪಾಧ್ಯಾಯರು ಹೇಳುವುದುಂಟು.”

“ಹೇಳುವುದು ಸುಲಭ. ಒಬ್ಬ ಹುಡುಗ ಹದಿನೇಳನೆಯ ಪ್ರಶ್ನೆಯನ್ನು ಬಿಟ್ಟ. ಹದಿನೆಂಟರ ಉತ್ತರವನ್ನು ಹದಿನೇಳರ ಸಾಲಿನಲ್ಲಿ ತುಂಬಿದ. ಅಲ್ಲಿಂದ ಮುಂದೆ ಅವನ ಜ್ಞಾನವೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿಯಿತು. ಕಡೆಯ ಪ್ರಶ್ನೆಗೆ ಬಂದು, ಒಂದು ಸಾಲು ಮಿಕ್ಕಿದೆಯೆಂದು ಕಂಡಾಗ ಅವನ ಹೆಬ್ಬೆರಳು ನನ್ನ ಮೇಲೆ ನಡುಗಿದ್ದು ಈಗಲೂ ನೆನಪಿದೆ. ಬ್ಲೇಡಿನಿಂದ ಕೆರೆಯಲು ನೋಡಿದ. ಮಸಿ ಹೋಗಲಿಲ್ಲ, ನನ್ನ ಚರ್ಮ ಹೋಯಿತು. ಆದರೆ ಬಿಟ್ಟು ಮುಂದೆ ಹೋಗುವ ತಂತ್ರವನ್ನು ಪರೀಕ್ಷೆಯೇ ಅನುಸರಿಸಿದ ವರ್ಷವೂ ಉಂಟು. 2024ರ ಸಿ.ಇ.ಟಿ.ಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದುವೆಂದು ಗದ್ದಲವೆದ್ದು, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಇಷ್ಟು ಪ್ರಶ್ನೆಗಳನ್ನು ಒಮ್ಮೆಗೇ ಬಿಡುವ ಧೈರ್ಯ ಯಾವ ವಿದ್ಯಾರ್ಥಿಗೂ ಬಂದದ್ದನ್ನು ನಾನು ಕಂಡಿಲ್ಲ.”

ದೇವರ ಮುಂದಿಟ್ಟು ಪೂಜಿಸಿ ತರುವ ಪೆನ್ನಿನ ಬಗ್ಗೆ ಅಭಿಪ್ರಾಯ ಕೇಳಿದೆ. ಕುಂಕುಮವು ವೃತ್ತಗಳ ಮೇಲೆ ಉದುರದಿದ್ದರೆ ಆಕ್ಷೇಪಣೆಯಿಲ್ಲವೆಂದರು. ಅವರ ದೃಷ್ಟಿಯಲ್ಲಿ ನಿಜವಾದ ಮಂತ್ರಾಕ್ಷರವೆಂದರೆ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್: ಅದೊಂದು ತಪ್ಪಿದರೆ, ಸರಿಯುತ್ತರಗಳೆಲ್ಲ ಬೇರೊಂದು ಪ್ರಶ್ನೆಪತ್ರಿಕೆಯ ಕೀ ಉತ್ತರಗಳೊಡನೆ ಹೋಲಿಕೆಗೊಂಡು, ಪಂಡಿತನು ಪಾಮರನಾಗಿ ಹೊರಬರುತ್ತಾನೆ, ಪಾಮರನು ಪಂಡಿತನಾದ ನಿದರ್ಶನ ಮಾತ್ರ ವಿರಳ.

ಹಾಳೆಯವರಿಗೇ ಒಂದು ಪ್ರಶ್ನೆಯ ಉತ್ತರ ತೋಚದಿದ್ದರೆ ಏನು ಮಾಡುವರೆಂದು, ಕುತೂಹಲಕ್ಕೆ, ವಿಚಾರಿಸಿದೆ. “ಮೂರನೆಯ ವೃತ್ತ,” ಎಂದರು ಥಟ್ಟನೆ. “ಕಾರಣ ಕೇಳಬೇಡಿ. ಕೇಳದಿರುವುದರಲ್ಲೇ ಅದರ ಶಕ್ತಿಯಿದೆ.”

ಕಡೆಯದಾಗಿ, ತಂದೆತಾಯಿಗಳಿಗೆ ತಮ್ಮ ಹಿತವಚನವೇನೆಂದು ಪ್ರಾರ್ಥಿಸಿದೆ. ಹಾಳೆಯವರು ನಿರುತ್ತರರಾಗಿ ನೋಡುತ್ತಿದ್ದು, ಆಯ್ಕೆಗಳನ್ನು ಕೊಡದೆ ಪ್ರಶ್ನೆ ಕೇಳುವುದು ನಿಯಮಬಾಹಿರವೆಂದರು. ನಾನು ಅವಸರದಿಂದ ನಾಲ್ಕನ್ನು ಜೋಡಿಸಿ ಮುಂದಿಟ್ಟೆ: ಒಂದು, ಮಕ್ಕಳನ್ನು ಅವರ ಪಾಡಿಗೆ ಬಿಡಿ, ಎರಡು, ಅವರಿಗೆ ಏನು ಇಷ್ಟವೆಂದು ಒಮ್ಮೆ ಕೇಳಿ, ಮೂರು, ಇನ್ನೂ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿಸಿ, ನಾಲ್ಕು, ಮೇಲಿನ ಯಾವುದೂ ಅಲ್ಲ.

ಪೂರಾ 70 ಸೆಕೆಂಡು ಆಲೋಚಿಸಿದ ಹಾಳೆಯವರು, ಅಂಚು ಮೀರದಂತೆ, ಮೂರನೆಯದನ್ನು ತುಂಬಿಕೊಂಡರು.