ನೋಡಿ ಕೊಡಿ ಸಾರ್

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ವೋಚರ್ ಪಾಸು ಮಾಡಿದ ಕೈ ಇದು. ಸಹಿ ಒಂಚೂರು ಸೊಟ್ಟಗಿದ್ದರೂ ವಾಪಸು ಕಳಿಸುತ್ತಿದ್ದೆ. ಅಂಥವನ ಮುಂದೆ ಮೊನ್ನೆ ನಮ್ಮ ಪ್ಲಂಬರ್ ಬಿಲ್ಲಿಟ್ಟ. ಹೊಸ ನಲ್ಲಿಯ ರಟ್ಟಿನ ಡಬ್ಬಿಯನ್ನು ಹರಿದು, ಅದರ ಒಳಮೈ ಮೇಲೆ ಗೋಡೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ಬರೆದದ್ದು. ತಾರೀಖಿಲ್ಲ, ನಂಬರಿಲ್ಲ. ಸಹಿಯ ಜಾಗದಲ್ಲಿ ಒದ್ದೆ ಹೆಬ್ಬೆಟ್ಟಿನ ಗುರುತು.

ಎಲ್ಬೋ 4, ಟೆಫ್ಲಾನ್ ಟೇಪು 2, ಸಲ್ಯೂಷನ್ ಡಬ್ಬಿ 1. ಇಲ್ಲಿಯತನಕ ನಿಭಾಯಿಸಿದೆ. ಮುಂದಿನ ಸಾಲು: ‘ಎಂ.ಎ.ಬಿ.ಟಿ. 2’.

ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಎಂ.ಎ., ಬಿ.ಟಿ. ಅವರ ಬೆತ್ತದ ರುಚಿ ನನ್ನ ಅಂಗೈಗೆ ಇನ್ನೂ ಮರೆತಿಲ್ಲ. ಅಂಥವರಿಬ್ಬರಿಗೆ ನನ್ನ ಬಚ್ಚಲುಮನೆಯಲ್ಲೇನು ಕೆಲಸ? ಅದರ ಕೆಳಗೆ ‘ಎಫ್.ಎ.ಬಿ.ಟಿ. 1’. ಎಫ್.ಎ. ಅನ್ನುವುದು ನಮ್ಮ ತಾತನ ಕಾಲದ ಓದು. ಅದನ್ನು ಪಾಸು ಮಾಡಿದವರಿಗೆ ಆಗ ಊರವರು ಎದ್ದು ನಿಲ್ಲುತ್ತಿದ್ದರಂತೆ. ಪ್ಲಂಬರ್ ಚೀಲದಿಂದ ಒಂದು ತುಂಡು ತೆಗೆದು ತೋರಿಸಿದ. ಒಂದು ತುದಿ ಸಿಪಿವಿಸಿ, ಇನ್ನೊಂದು ಹಿತ್ತಾಳೆ. ಹಿತ್ತಾಳೆಯ ಥ್ರೆಡ್ಡು ಹೊರಗಿದ್ದರೆ ಗಂಡು, ಎಂ.ಎ.; ಒಳಗಿದ್ದರೆ ಹೆಣ್ಣು, ಎಫ್.ಎ. ಪೈಪಿನ ಲೋಕದಲ್ಲೂ ಗಂಡಿಗೇ ಹೆಚ್ಚಿನ ಡಿಗ್ರಿ ಕೊಟ್ಟಿದ್ದಾರೆ, ಗಮನಿಸಿ.

ಕೊನೆಯ ಸಾಲು ‘ಇತರೆ 120’.

“ಇತರೆ ಅಂದ್ರೆ ಏನಪ್ಪಾ?”

“ಇತರೆ ಸಾರ್.”

ನಾನು ಸುಮ್ಮನಾದೆ. ಲೆಕ್ಕ ತಾಳೆಯಾಗದ ದುಡ್ಡನ್ನು ನಾವೂ ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಮನೆಗೆ ಹೋದವರೇ.

ಆದರೂ ಹಳೇ ಚಾಳಿ, ಪಕ್ಕಾ ಬಿಲ್ ಬೇಕೆಂದೆ. ಹಾರ್ಡ್‌ವೇರ್ ಅಂಗಡಿಯವರು “ಪಕ್ಕಾ ಅಂದ್ರೆ ಮೇಲೆ ಹದಿನೆಂಟು ಪರ್ಸೆಂಟ್ ಬೀಳುತ್ತೆ, ಕಚ್ಚಾ ಸಾಕಲ್ವಾ?” ಎಂದು ಹಿತವಚನ ಹೇಳಿದರು. ಬೇಡ, ಪಕ್ಕಾನೇ ಕೊಡಿ ಅಂದೆ. ಬಂತು. ಪೈಪಿನ ಮುಂದೆ 3917, ನಲ್ಲಿಯ ಮುಂದೆ 8481 ಎಂಬ ಎಚ್ಎಸ್ಎನ್ ನಂಬರು. ನಲ್ಲಿ ತೊಟ್ಟಿಕ್ಕುವುದಕ್ಕೆ ಮಾತ್ರ ಯಾವ ನಂಬರೂ ಇರಲಿಲ್ಲ. ಪ್ಲಂಬರನ ಹತ್ತಿರವೂ ಪಕ್ಕಾ ಬಿಲ್ ಕೇಳಿದೆ. ವರ್ಷಕ್ಕೆ 20 ಲಕ್ಷದೊಳಗಿನ ದುಡಿಮೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. “ಅಷ್ಟು ದುಡಿದ್ರೆ ನಾನ್ಯಾಕ್ ಸಾರ್ ನಿಮ್ ಬಚ್ಚಲಲ್ಲಿ ಮಲಗ್ತಿದ್ದೆ?” ಎಂದ.

ಇಷ್ಟೆಲ್ಲ ಬರೆದವನು ಕೂಲಿಯನ್ನು ಮಾತ್ರ ಬರೆದಿರಲಿಲ್ಲ.

“ನಿಂದೆಷ್ಟು?”

“ನೋಡಿ ಕೊಡಿ ಸಾರ್. ನಿಮಗೆ ಗೊತ್ತಿಲ್ದೇ ಇರೋದೇನಿದೆ!”

ಇದಕ್ಕಿಂತ ದುಬಾರಿ ಬಿಲ್ಲು ಇನ್ನೊಂದಿಲ್ಲ. ಐನೂರು ಕೊಟ್ಟೆ. ಅವನು ನೋಟನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ತಾರಸಿಯ ಟ್ಯಾಂಕಿನ ಕಡೆ ನೋಡಿದ, ತಾನು ಹತ್ತಿಳಿದ ಏಣಿಯ ಮೆಟ್ಟಿಲೆಣಿಸುವವನ ಹಾಗೆ. ಸ್ಪ್ಯಾನರ್ ಹಿಡಿಯುವ ಹುಡುಗ ತಲೆ ತಗ್ಗಿಸಿ ನಿಂತ. ಇನ್ನೂ ಇನ್ನೂರು ಹೊರಬಂತು. ಅಡಿಗೆಮನೆಯಿಂದ “ಎಷ್ಟು ಕೊಟ್ರಿ?” ಎಂಬ ದನಿಯೂ ಹೊರಬಂತು. ಕೊಟ್ಟದ್ದು ಅವನಿಗೆ ಕಡಿಮೆ, ಇವಳಿಗೆ ಜಾಸ್ತಿ.

ಏಳುನೂರನ್ನು ಬರೆದುಕೊಳ್ಳಲು ಅವನು ಜೇಬಿನಿಂದ ಎಣ್ಣೆಜಿಡ್ಡಿನ ಪುಟ್ಟ ಡೈರಿ ತೆಗೆದ. ಬಗ್ಗಿ ನೋಡುವ ಚಪಲ ನನಗೆ. ‘ಮೂರನೇ ಕ್ರಾಸ್ ಮಹಡಿ ಮನೆ, 2,400 ಬಾಕಿ’. ‘ಕಂಟ್ರಾಕ್ಟರ್, ಫೋನ್ ಎತ್ತಲ್ಲ’. ಜನ ಹೀಗೂ ಇರುತ್ತಾರಲ್ಲ ಎಂದು ಮರುಗುತ್ತಾ ಕೆಳಗಿನ ಸಾಲಿಗಿಳಿದೆ. ‘ಬ್ಯಾಂಕ್ ಸಾರ್, ವಾಷರ್, 150 ಬಾಕಿ, ದೀಪಾವಳಿ’.

ಚಿಲ್ಲರೆಯಿಲ್ಲ, ಮುಂದಿನ ಸಲ ಸೇರಿಸಿ ಕೊಡ್ತೀನಿ ಅಂದಿದ್ದೆ. ಅದು ಹೋದ ವರ್ಷದ ದೀಪಾವಳಿ. ತೊಂಬತ್ತು ದಿನ ದಾಟಿದ ಸಾಲವನ್ನು ಎನ್‌ಪಿಎ ಎಂದು ಬರೆದು, ಸಾಲಗಾರರಿಗೆ ನೋಟೀಸು ಕಳಿಸುತ್ತಿದ್ದವನು ನಾನು. ಇವನು ಒಂದು ಮಾತೂ ಆಡಿರಲಿಲ್ಲ.

ಅಲ್ಲೇ ಫೋನಿನಲ್ಲಿ ನೂರೈವತ್ತು ಕಳಿಸಿದೆ. ಅವನು ಆ ಸಾಲಿನ ಮೇಲೆ ಪೆನ್ಸಿಲ್ ಎಳೆದ. ನಿಮ್ಮ ಪ್ಲಂಬರನ ಡೈರಿಯಲ್ಲಿ ನಿಮ್ಮ ಹೆಸರು ಏನಂತ ಇದೆಯೋ, ಒಮ್ಮೆ ವಿಚಾರಿಸಿಕೊಳ್ಳಿ.