ಹೊಯ್ಸಳ ಶೈಲಿಯಲ್ಲಿ ಪಿಕಪ್ಪಿನ ವಿದ್ಯುದೀಕರಣ: ಒಂದು ಅಪೂರ್ಣ ಮಹಾಪ್ರಬಂಧ

ಡೀಸೆಲ್ ಪಿಕಪ್ಪನ್ನು ಮನೆಯಲ್ಲೇ ಬಿಚ್ಚಿ ಕರೆಂಟಿನ ಮೇಲೆ ಓಡಿಸುವ ವಿದ್ಯೆ ಪರದೇಶದ್ದು ಎಂಬ ಭ್ರಮೆ ವಿದ್ವಾಂಸರಲ್ಲಿ ಇನ್ನೂ ಹೋಗಿಲ್ಲ. ಅದು ಹೊಯ್ಸಳರದು. ಅರಸೀಕೆರೆ ಹತ್ತಿರದ ನಮ್ಮ ಕೊಟ್ಟಿಗೆಯಲ್ಲಿ, ಎರಡು ಹಸು ಮತ್ತು ಒಬ್ಬ ಸೋದರಳಿಯನ ಸಮಕ್ಷಮ ನಡೆದ ಕ್ಷೇತ್ರಕಾರ್ಯದಿಂದ ಇದು ನಿಸ್ಸಂಶಯವಾಗಿ ಸಿದ್ಧಪಟ್ಟಿದೆ.

ಮೊದಲು ಆಕರದ ವಿಚಾರ. ವಾಹನವು 2005ರಲ್ಲಿ ಹುಟ್ಟಿದ ಟಾಟಾ ಏಸ್ ವಂಶದ ಆದಿಪುರುಷರಲ್ಲೊಂದು. ಜನಪದರ ಬಾಯಲ್ಲಿ ಚೋಟಾ ಹಾಥಿ. ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಹಿಂಬಾಗಿಲ ಮೇಲೆ ಒಂದು ಸಾಲಿನ ಶಾಸನವಿದೆ: ‘.....ರ ಆಶೀರ್ವಾದ’. ತೆಂಗಿನಕಾಯಿ ಉಜ್ಜಿ ಉಜ್ಜಿ ಮೊದಲ ಅಕ್ಷರಗಳು ಸವೆದಿವೆ. ‘ತಂದೆ ತಾಯಿಯರ’ ಎಂಬುದು ನನ್ನ ಪಾಠ. ‘ಫೈನಾನ್ಸಿನವರ’ ಎಂಬುದು ಅಳಿಯನ ಪಾಠಾಂತರ.

ಇನ್ನು ಸಾಕ್ಷ್ಯಗಳು. ಅರಸೀಕೆರೆಯ ಈಶ್ವರ ಗುಡಿಯ ಮುಂದಿನ ಮಂಟಪಕ್ಕೆ 16 ಮೂಲೆಯ ನಕ್ಷತ್ರದ ತಳವಿನ್ಯಾಸ. ಪಂಪ್‌ಸೆಟ್ ಇಟ್ಟ ಯಾವ ರೈತನನ್ನು ಕೇಳಿದರೂ ಇದು ಸ್ಟಾರ್ ಕನೆಕ್ಷನ್ನೇ ಎಂದು ಹೇಳುತ್ತಾನೆ. ಹೊಯ್ಸಳರು ಡೆಲ್ಟಾಕ್ಕೆ ಯಾಕೆ ಹೋಗಲಿಲ್ಲ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ನಮ್ಮ ಮೋಟರು ಗುಜರಿಗೆ ಬಿದ್ದ ಫೋರ್ಕ್‌ಲಿಫ್ಟ್‌ನ ಡಿಸಿ ಮೋಟರು, ಅದಕ್ಕೆ ಸ್ಟಾರೂ ಇಲ್ಲ ಡೆಲ್ಟಾವೂ ಇಲ್ಲ ಎಂದು ಅಳಿಯ ತಕರಾರು ತೆಗೆದ. ವಾದಕ್ಕೆ ಹೊಂದದ ಮೋಟರನ್ನು ಅಡಿಟಿಪ್ಪಣಿಗೆ ತಳ್ಳುವುದು ಸಂಶೋಧನೆಯ ಸಂಪ್ರದಾಯ.

ಬೇಲೂರಿನ ನವರಂಗದ ನರಸಿಂಹ ಕಂಬ ಇನ್ನೂ ಗಟ್ಟಿಯಾದ ಸಾಕ್ಷ್ಯ. ಅದು ಹಿಂದೆ ತಿರುಗುತ್ತಿತ್ತಂತೆ, ಈಗ ತಿರುಗುವುದಿಲ್ಲ. ಗುಜರಿಯಿಂದ ತಂದಾಗ ನಮ್ಮ ಮೋಟರಿನ ಲಕ್ಷಣವೂ ಇದೇ ಆಗಿತ್ತು.

ಆದರೆ ಪ್ರಬಂಧದ ಜೀವಾಳ ಇರುವುದು ಲೇತಿನಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕಂಬಗಳ ನುಣುಪು ಬಳೆಗಳನ್ನು ನೋಡಿ. ಕಲ್ಲನ್ನು ತಿರುಗಿಸುತ್ತ ಕಡೆದದ್ದು ಕಣ್ಣಿಗೇ ತಿಳಿಯುತ್ತದೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ನಮಗೆ ಸಿಕ್ಕಿದ ಕಬ್ಬಿಣಕ್ಕೆ ಆ ಸದ್ಗುಣವಿರಲಿಲ್ಲ. ಮೋಟರಿನ ಮೂತಿಗೂ ಗೇರ್‌ಬಾಕ್ಸಿನ ಬಾಯಿಗೂ ನಡುವೆ ಒಂದು ದಪ್ಪ ಪ್ಲೇಟು ಕೂರಬೇಕು, ಎರಡರ ಶಾಫ್ಟೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ಅಳುತ್ತದೆ. ಮೂರು ಪ್ಲೇಟು ಅತ್ತವು. ನಾಲ್ಕನೆಯದು ಸುಮ್ಮನಾಯಿತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರು ಕೊರೆದುಕೊಂಡರು. ನಮ್ಮ ಲೇತಿನವನೂ ಪ್ಲೇಟಿನ ಮೇಲೆ ಬರೆದ, ಬಿಳಿ ಮಾರ್ಕರಿನಲ್ಲಿ: ‘ಬಾಕಿ 1,800’.

ಪ್ರಯೋಗಕ್ಕೆಂದು ಮೋಟರನ್ನು ಕೊಟ್ಟಿಗೆಯ ನೆಲದಲ್ಲಿಟ್ಟು ಬರೀ 12 ವೋಲ್ಟ್ ಮುಟ್ಟಿಸಿದೆವು. ಅದು ಮಲಗಿದ್ದ ಕೋಣ ಎದ್ದಂತೆ ಮಗ್ಗುಲು ಹೊರಳಿ ಕಲಗಚ್ಚಿನ ಬಾನಿಗೆ ಗುದ್ದಿತು. ಸೀರೀಸ್ ಮೋಟರಿಗೆ ಹೊರೆಯಿಲ್ಲದೆ ಕರೆಂಟು ಕೊಡಬಾರದು, ವೇಗ ಏರುತ್ತಲೇ ಹೋಗುತ್ತದೆ ಎಂಬ ಸೂತ್ರವನ್ನು ಅಳಿಯ ಆಮೇಲೆ ಹೇಳಿದ. ಹಗ್ಗ ಹರಿದುಕೊಂಡು ಓಡಿದ ಹಸುವಿಗೆ ಅದು ಮೊದಲೇ ಹೊಳೆದಿತ್ತು.

ಶಕ್ತಿಯ ಲೆಕ್ಕ ಸ್ವಲ್ಪ ಅವಮಾನಕರ. 150 ಆಂಪಿಯರ್-ಅವರಿನ ಆರು ಬ್ಯಾಟರಿ, 72 ವೋಲ್ಟ್, ಗುಣಿಸಿದರೆ 10.8 ಯೂನಿಟ್. ಒಂದು ಲೀಟರ್ ಡೀಸೆಲಿನಲ್ಲಿರುವುದೂ ಹೆಚ್ಚುಕಮ್ಮಿ ಅಷ್ಟೇ! ಬಾಟಲಿಯಲ್ಲಿ ಹಿಡಿಸುವುದನ್ನು ನಾವು ಮೂರು ಕ್ವಿಂಟಲ್ ಸೀಸದಲ್ಲಿ ತುಂಬಿದ್ದೇವೆ. ಎಂಜಿನ್ ಆ ಲೀಟರಿನ ಬಹುಪಾಲನ್ನು ಬಿಸಿ ಮಾಡಿಯೇ ಕಳೆಯುತ್ತದೆ, ಮೋಟರು ಹಾಗಲ್ಲ ಎಂಬುದು ನಿಜ. ಆದರೆ ಈ ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಸಾಯುತ್ತವೆ ಎಂಬುದೂ ನಿಜ.

ಒಂದಂತೂ ಮೊದಲೇ ಸತ್ತಿತ್ತು. ಜಕಣಾಚಾರಿಯ ಐತಿಹ್ಯ ಗೊತ್ತಲ್ಲ: ವಿಗ್ರಹಕ್ಕೆ ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ, ಅಲ್ಲಿ ಕೆತ್ತಿದರೆ ಕಪ್ಪೆ. ಅಳಿಯ ಹೈಡ್ರೋಮೀಟರ್ ಹಿಡಿದು 36 ಸೆಲ್‌ಗಳ ಆಸಿಡ್ಡನ್ನು ಒಂದೊಂದಾಗಿ ಹೀರಿ ನೋಡಿದ. 35ರಲ್ಲಿ ತೇಲುಗೋಲು 1250ರ ಮೇಲೆ ನಿಂತಿತು, ಒಂದರಲ್ಲಿ 1100ಕ್ಕೆ ಮುಳುಗಿತು. “ಮಾವ, ಕಪ್ಪೆ ಸಿಕ್ತು” ಅಂದ. ಜಕಣಾಚಾರಿ ಕೊಟ್ಟ ಮಾತಿನಂತೆ ಬಲಗೈ ಕತ್ತರಿಸಿಕೊಂಡ. ನಾನು ಮಾತು ಕೊಟ್ಟಿರಲಿಲ್ಲವಾಗಿ ಬಲಗೈಯಿಂದಲೇ ಹಜಾರದ ಯುಪಿಎಸ್ ಬ್ಯಾಟರಿ ಕಳಚಿ, ಕಪ್ಪೆಯಿದ್ದ ಜಾಗದಲ್ಲಿ ಪ್ರತಿಷ್ಠಾಪಿಸಿದೆ. ಮನೆಯವಳು ಊರಿನಲ್ಲಿರಲಿಲ್ಲ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ 16 ಕಿ.ಮೀ. ಬೇಲೂರಿಗೆ ಹೋಗಿ ನರಸಿಂಹ ಕಂಬದ ಎದುರೇ ಪ್ರಬಂಧ ಮಂಡಿಸುವ ಇರಾದೆಯಿತ್ತು. ಅಡ್ಡ ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. ಮಾನ್ಯತೆ ಪಡೆದ ಕಿಟ್ಟು ಕೂರಿಸಿ, ಆರ್‌ಸಿಯಲ್ಲಿ ಬದಲಾವಣೆ ಬರೆಸದ ಹೊರತು ಇಂಥ ಗಾಡಿ ರಸ್ತೆಗಿಳಿಯುವಂತಿಲ್ಲ. ಹೊಯ್ಸಳರಿಗೆ ಈ ತೊಡಕು ಇರಲಿಲ್ಲ. ಹೀಗಾಗಿ ದಿಗ್ವಿಜಯವು ಕೊಟ್ಟಿಗೆಯಿಂದ ಪಂಪ್ ಮನೆಯವರೆಗೆ, ತೋಟದೊಳಗೇ ನಡೆಯುತ್ತಿದೆ. ಎರಡನೇ ಗೇರಿನಲ್ಲಿಟ್ಟು ಕ್ಲಚ್ ಮುಟ್ಟದೆ ಒತ್ತಿದರೆ ನೂರು ಕಾಯಿ ಹೇರಿಕೊಂಡು ಸದ್ದಿಲ್ಲದೆ ಸಾಗುತ್ತದೆ. ಸೀಟಿನ ಜಾಗದಲ್ಲಿ ಕಂಟ್ರೋಲರ್ ಇರುವುದರಿಂದ ಚಾಲಕ ಗೋಣಿಚೀಲದ ಮೇಲೆ ಕೂರಬೇಕು. ಹಳೇಬೀಡಿನ ಗುಡಿಗೂ ಶಿಖರವಿಲ್ಲ, ಯಾರಾದರೂ ಆಕ್ಷೇಪಿಸಿದ್ದುಂಟೇ?

ವಿಳಂಬದ ಬಗ್ಗೆ ನೆಂಟರು ಕುಹಕವಾಡುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ 103 ವರ್ಷ ಹಿಡಿಯಿತು ಎಂಬ ಪ್ರತೀತಿಯಿದೆ. ಬೇಲೂರು, ಹಳೇಬೀಡು ವಿಶ್ವಪರಂಪರೆಯ ಪಟ್ಟಿ ಸೇರಿದ 2023ರಲ್ಲಿ ನಾವು ಎಂಜಿನ್ ಇಳಿಸಿದ್ದು. 2126ರವರೆಗೆ ನಮ್ಮನ್ನು ಯಾರೂ ಏನೂ ಕೇಳುವಂತಿಲ್ಲ.

ಎರಡನೆಯ ಸಂಪುಟದ ರೂಪುರೇಷೆಯನ್ನು ಇಲ್ಲಿ ಕೊಡುವುದಿತ್ತು. ಈಗಷ್ಟೇ ಕರೆಂಟು ಹೋಯಿತು. ಊರಿನಿಂದ ಬಂದವಳು ಒಳಗಿನಿಂದ ಕೇಳುತ್ತಿದ್ದಾಳೆ, “ರೀ, ಯುಪಿಎಸ್ ಯಾಕೆ ಆನ್ ಆಗ್ಲಿಲ್ಲ?” ಇದಕ್ಕೆ ಸೂಕ್ತ ಆಧಾರಗಳೊಂದಿಗೆ ಉತ್ತರಿಸಬೇಕೆಂದರೆ ಪ್ರಬಂಧಕಾರನು ಮೊದಲಿಗೆ ಹಜಾರದ ಬ್ಯಾಟ.....

(ಮುಂದೆ ಶಾಸನ ತುಂಡಾಗಿದೆ.)